ಒಂದು ದಿನ ರ‍್ಯಾಲಿ ಕಾರು ಕಲಿಯೋಣ ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಸ್ನೋಕ್ವಾಲ್ಮಿ ಅನ್ನುವ ಊರು. ಅಲ್ಲಿ ಡರ್ಟ್‌ಫಿಶ್ ಅಂತ ಒಂದು ರ‍್ಯಾಲಿ ಸ್ಕೂಲ್ ಇದೆ. ನಾನು ಅಲ್ಲಿ ಕಲಿತು ಬಂದೆ ಅಂತ ಗೊತ್ತಾದಾಗಿನಿಂದ ಕನ್ನಡ ಸಂಘದ ಊಟದ ಸಾಲಿನಲ್ಲಿ, ವಾಟ್ಸಾಪ್‌ನಲ್ಲಿ, ಊರಿಂದ ಬರುವ ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಎಲ್ಲರೂ ಮೊದಲು ಕೇಳುವವು

ರ‍್ಯಾಲಿ ಅಂದ್ರೆ ರೇಸೇ ತಾನೇ? ಏನು ವ್ಯತ್ಯಾಸ?

ರೇಸಿನಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಡುತ್ತವೆ, ಒಂದೇ ಟ್ರ್ಯಾಕ್ ಸುತ್ತುತ್ತವೆ, ಮೊದಲು ಗೆರೆ ದಾಟಿದವರು ಗೆದ್ದರು. ರ‍್ಯಾಲಿಯಲ್ಲಿ ಒಂದೊಂದೇ ಕಾರು, ಒಂದೋ ಎರಡೋ ನಿಮಿಷ ಬಿಟ್ಟು ಹೊರಡುತ್ತದೆ. ಪೈಪೋಟಿ ಗಡಿಯಾರದ ಜೊತೆ. ಓಡುವುದು ಕಾಡಿನ ದಾರಿ, ತೋಟದ ದಾರಿ, ಹಳ್ಳಿ ರಸ್ತೆ. ಅಷ್ಟು ಹೊತ್ತು ಮಾತ್ರ ಆ ದಾರಿಯನ್ನು ಬಂದ್ ಮಾಡಿರುತ್ತಾರೆ. ಅದಕ್ಕೆ ಸ್ಪೆಷಲ್ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಮಾಮೂಲಿ ರಸ್ತೆಯಲ್ಲಿ, ಸಿಗ್ನಲ್‌ಗೆ ನಿಂತು, ಎಲ್ಲರ ಹಾಗೆ ಹೋಗಬೇಕು. ರ‍್ಯಾಲಿ ಕಾರಿಗೆ ನಂಬರ್ ಪ್ಲೇಟ್ ಇರುವುದು ಇದಕ್ಕೇ. ಪಕ್ಕದ ಸೀಟಿನಲ್ಲಿ ಕೋ-ಡ್ರೈವರ್ ಕೂತು ಮುಂದಿನ ತಿರುವು ಎಂಥದ್ದು ಅಂತ ಓದಿ ಹೇಳುತ್ತಿರುತ್ತಾರೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಶುರುವಾದದ್ದು 1973ರಲ್ಲಿ.

ಅಲ್ಲ ಕಣೋ, ದುಡ್ಡು ಕೊಟ್ಟು ಮಣ್ಣು ರಸ್ತೇಲಿ ಕಾರು ಓಡಿಸೋದಾ? ನಮ್ಮ ತೋಟಕ್ಕೆ ಬಾ, ಪುಕ್ಕಟೆ ಓಡಿಸು!

ಇದು ನಮ್ಮ ಮಾವನ ಪ್ರಶ್ನೆ. ಮಣ್ಣು ರಸ್ತೆ ಪುಕ್ಕಟೆ ಸಿಗುತ್ತದೆ ಮಾವ, ಒಪ್ಪಿದೆ. ಆದರೆ ಎದುರಿಗೆ ಹಾಲಿನ ವ್ಯಾನ್ ಬರಲ್ಲ ಅನ್ನುವ ಗ್ಯಾರಂಟಿ ಪುಕ್ಕಟೆ ಸಿಗಲ್ಲ. ಕೊಡುವ ದುಡ್ಡು ಮೂರಕ್ಕೆ: ಜಾರಿದರೂ ಏನೂ ತಗುಲದಷ್ಟು ಅಗಲದ ಜಾಗ, ಬೇರೆಯವರ ಕಾರು ಮತ್ತು ಟೈರು, ಪಕ್ಕದಲ್ಲಿ ಕೂತು ಆ ಕ್ಷಣಕ್ಕೇ ತಿದ್ದುವ ಮೇಷ್ಟ್ರು. ನನ್ನ ಲೆಕ್ಕದಲ್ಲಿ ಮೂರನೆಯದ್ದಕ್ಕೇ ಹೆಚ್ಚು ಬೆಲೆ. ಒಬ್ಬರೇ ಓಡಿಸಿದರೆ ಕಾರು ಜಾರಿತು ಅಂತಷ್ಟೇ ಗೊತ್ತಾಗುತ್ತದೆ. ಯಾಕೆ ಜಾರಿತು, ಯಾಕೆ ಸರಿಹೋಯಿತು ಅಂತ ಗೊತ್ತಾಗಲ್ಲ.

ಆ ಜಾಗ ಹೆಂಗಿದೆ?

ಹಳೇ ಮರದ ಮಿಲ್ಲು. 1917ರಲ್ಲಿ ಶುರುವಾಗಿ ದಶಕಗಟ್ಟಲೆ ಮರ ಕೊಯ್ದ ಜಾಗ. ಕೊನೆಗೆ ವೇಯರ್‌ಹೌಸರ್ ಕಂಪನಿ ಕೈಯಲ್ಲಿದ್ದು, 2003ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ರ‍್ಯಾಲಿ ಸ್ಕೂಲ್. ದಿಮ್ಮಿ ಪೇರಿಸುತ್ತಿದ್ದ ಬಯಲಿನಲ್ಲಿ ಈಗ ಜಲ್ಲಿ ಹಾಸಿ, ಕಿತ್ತಳೆ ಕೋನ್ ನಿಲ್ಲಿಸಿದ್ದಾರೆ. ಹಿಂದೆ ಕ್ಯಾಸ್ಕೇಡ್ ಬೆಟ್ಟಗಳ ಸಾಲು. ಹತ್ತಿರದಲ್ಲೇ 82 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಜಲಪಾತ. ಮನೆಯವರು ಬಂದು ಕಾಯುತ್ತೇವೆ ಅಂದರೆ ಅಲ್ಲಿಗೆ ಕಳಿಸಿಬಿಡಿ. ಮೊದಲ ಹತ್ತು ನಿಮಿಷ ಆದಮೇಲೆ ಧೂಳು ನೋಡುತ್ತಾ ನಿಲ್ಲುವುದು ಬೇಜಾರಿನ ಕೆಲಸ.

ಒಂದು ದಿನದಲ್ಲಿ ಏನೇನು ಮಾಡಿಸ್ತಾರೆ?

ಬೆಳಿಗ್ಗೆ ಕ್ಲಾಸ್‌ರೂಮ್. ಬೋರ್ಡ್ ಮೇಲೆ ಕಾರಿನ ಚಿತ್ರ, ನಾಲ್ಕು ಚಕ್ರ, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಪಾಠ. ಕಾರು ಹತ್ತುವ ಆತುರದಲ್ಲಿ ಇದನ್ನು ಕಡೆಗಣಿಸುವವರೇ ಜಾಸ್ತಿ. ಕಡೆಗಣಿಸಬೇಡಿ, ಇಡೀ ದಿನ ಆ ಚಿತ್ರದ ಮೇಲೇ ನಡೆಯುತ್ತದೆ. ಆಮೇಲೆ ಹೆಲ್ಮೆಟ್, ಬೆಲ್ಟು, ಸೀಟು ಹೊಂದಿಸುವುದು. ನಂತರ ಒಂದೊಂದೇ ಕಸರತ್ತು. ಸ್ಕಿಡ್ ಪ್ಯಾಡ್ ಅನ್ನುವ, ಕಾರು ಜಾರಿಸಿ ಕಲಿಯುವ ದುಂಡಗಿನ ಜಾಗದಲ್ಲಿ ಸುತ್ತುವುದು, ಕೋನ್‌ಗಳ ನಡುವೆ ಹಾವಿನ ಹಾಗೆ ಹೊರಳುವ ಸ್ಲಾಲಮ್, ಬ್ರೇಕ್ ಒತ್ತುತ್ತಲೇ ತಿರುಗಿಸುವುದು. ಮಧ್ಯಾಹ್ನದ ಮೇಲೆ ಇವನ್ನೆಲ್ಲ ಸೇರಿಸಿ ಒಂದು ಪೂರ್ತಿ ಕೋರ್ಸ್ ಓಡಿಸುತ್ತಾರೆ. ಎಲ್ಲ ಹೊತ್ತೂ ನೀವೇ ಓಡಿಸುತ್ತಿರಲ್ಲ. ಸರದಿ ಇರುತ್ತದೆ. ಬೇರೆಯವರು ಓಡಿಸುವಾಗ ಹೊರಗೆ ನಿಂತು ಮುಂದಿನ ಚಕ್ರ ಯಾವ ಕಡೆ ತಿರುಗಿದೆ, ಕಾರು ಯಾವ ಕಡೆ ಹೋಗುತ್ತಿದೆ ಅಂತ ನೋಡಿ. ಎರಡೂ ಬೇರೆ ಬೇರೆ ಇರುವುದು ಕಣ್ಣಿಗೆ ಕಾಣುತ್ತದೆ.

ಅಂಕಲ್, ಎಷ್ಟು ಸ್ಪೀಡ್ ಹೋದ್ರಿ?

ಪುಟ್ಟಾ, ನಿನಗೆ ಬೇಜಾರಾಗುವಷ್ಟು ಕಡಿಮೆ. ಹೆಚ್ಚಿನ ಹೊತ್ತು ಎರಡನೇ ಗೇರ್. ಸ್ಪೀಡೋಮೀಟರ್ ನೋಡಲು ಪುರಸೊತ್ತೂ ಇರಲ್ಲ. ಆದರೆ ಜಲ್ಲಿ ಮೇಲೆ ಕಾರು ಅಡ್ಡಡ್ಡ ಹೋಗುವಾಗ ಹೈವೇಗಿಂತ ಜೋರು ಅನ್ನಿಸುತ್ತದೆ.

## ಹೊರಡುವ ಮುಂಚೆ

ಗುರು, ನಾನು ಆಟೋಮ್ಯಾಟಿಕ್ ಬಿಟ್ಟು ಬೇರೆ ಓಡಿಸೇ ಇಲ್ಲ. ನಡಿಯುತ್ತಾ?

ಕ್ಲಚ್ ಒತ್ತಿ ಗಾಡಿ ಆಫ್ ಆಗದ ಹಾಗೆ ಹೊರಡಿಸಲು, ಒಂದರಿಂದ ಎರಡಕ್ಕೆ ಹಾಕಲು ಬಂದರೆ ಸಾಕು. ಅದೂ ಬರಲ್ಲ ಅಂದರೆ ಮೊದಲು ಯಾರದ್ದಾದರೂ ಹಳೇ ಮ್ಯಾನ್ಯುಯಲ್ ಗಾಡಿಯಲ್ಲಿ ಒಂದು ವಾರಾಂತ್ಯ ಅಭ್ಯಾಸ ಮಾಡಿ. ಇಲ್ಲದಿದ್ದರೆ ದುಬಾರಿ ದಿನದ ಅರ್ಧ ಕ್ಲಚ್ ಜೊತೆ ಒದ್ದಾಡುವುದರಲ್ಲೇ ಹೋಗುತ್ತದೆ. ಬೆಂಗಳೂರಿನಲ್ಲಿ ಮಾರುತಿ 800 ಮೇಲೆ ಕಲಿತವರಿಗೆ ಇಲ್ಲಿ ದೊಡ್ಡ ಅನುಕೂಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ ಪಳಗಿಸಿದವರಿಗೆ ಇದೇನು ಮಹಾ!

ಬೆಂಗಳೂರಿಂದ ರಜಕ್ಕೆ ಬರ್ತಿದೀನಿ ಅಣ್ಣ. ನಮ್ಮ ಲೈಸೆನ್ಸ್ ಸಾಕಾ? ಎಡಗಡೆ ಸ್ಟೀರಿಂಗ್ ಕಷ್ಟ ಆಗಲ್ವಾ?

ಚಾಲ್ತಿಯಲ್ಲಿರುವ ಲೈಸೆನ್ಸ್ ತನ್ನಿ. ಜೊತೆಗೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಬಾಡಿಗೆ ಕಾರಿಗೂ ಕೆಲಸಕ್ಕೆ ಬರುತ್ತದೆ. ಬುಕ್ ಮಾಡುವಾಗಲೇ ಸ್ಕೂಲಿಗೆ ಒಂದು ಇಮೇಲ್ ಹಾಕಿ ಕೇಳಿಬಿಡಿ.

ಸ್ಟೀರಿಂಗ್ ಎಡಕ್ಕಿರುವುದಕ್ಕೆ ಬೇಗ ಒಗ್ಗಿಕೊಳ್ಳುತ್ತೀರಿ. ಎದುರಿಗೆ ಗಾಡಿ ಬರಲ್ಲ, ಲೇನ್ ಇಲ್ಲ, ಆದ್ದರಿಂದ ಗೊಂದಲ ಕಡಿಮೆ. ಗೇರ್ ಬಲಗೈಗೆ ಬರುತ್ತದೆ ಅಷ್ಟೇ. ಪೆಡಲ್‌ಗಳ ಸಾಲು ಎರಡೂ ಕಡೆ ಒಂದೇ. ಕಷ್ಟ ಆಗುವುದು ಸ್ಕೂಲಿಗೆ ಹೋಗುವ ಹೈವೇಯಲ್ಲಿ. ಆ ದಾರಿ ಬೇರೆಯವರು ಓಡಿಸಲಿ.

ಏನು ಹಾಕ್ಕೊಂಡು ಹೋಗ್ಬೇಕು?

ತೆಳು ಅಡಿಯ ಶೂ. ಇದೊಂದು ಮುಖ್ಯ. ದಪ್ಪ ರಬ್ಬರ್‌ನ ರನ್ನಿಂಗ್ ಶೂ ಹಾಕಿದರೆ ಬ್ರೇಕ್ ಎಷ್ಟು ಒತ್ತುತ್ತಿದ್ದೇನೆ ಅಂತ ಪಾದಕ್ಕೆ ಗೊತ್ತಾಗಲ್ಲ. ಉಳಿದಂತೆ ಧೂಳಾದರೂ ಪರವಾಗಿಲ್ಲ ಅನ್ನುವ ಪ್ಯಾಂಟು, ಮಳೆಗೆ ಒಂದು ಜಾಕೆಟ್. ಹೆಲ್ಮೆಟ್ ಅವರೇ ಕೊಡುತ್ತಾರೆ.

ತಿಂದು ಹೋಗ್ಲಾ, ಖಾಲಿ ಹೊಟ್ಟೇಲಿ ಹೋಗ್ಲಾ? ವಾಂತಿ ಬರುತ್ತಂತೆ?

ಓಡಿಸುವವರಿಗೆ ಸಾಮಾನ್ಯವಾಗಿ ಬರಲ್ಲ. ಕಾರು ಮುಂದೆ ಯಾವ ಕಡೆ ವಾಲುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಪಕ್ಕದಲ್ಲಿ ಸುಮ್ನೆ ಕೂತವರಿಗೇ ತೊಂದರೆ. ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಲಾಗದವರು ವೈದ್ಯರು ಹೇಳಿದ ಮಾತ್ರೆ ಇದ್ದರೆ ಇಟ್ಟುಕೊಳ್ಳಿ. ಆದರೆ ನಿದ್ದೆ ಬರಿಸುವ ಮಾತ್ರೆ ನುಂಗಿ ಸ್ಟೀರಿಂಗ್ ಹಿಡಿಯಬೇಡಿ. ಎರಡು ಇಡ್ಲಿ ತಿಂದು ಹೋಗಿ. ಬಿಸಿಬೇಳೆಬಾತ್ ರಾತ್ರಿಗೆ ಇರಲಿ.

ಎಲ್ಲಾದ್ರೂ ಗುದ್ದಿದ್ರೆ ಯಾರು ದುಡ್ಡು ಕೊಡ್ತಾರೆ?

ಬೆಳಿಗ್ಗೆ ಒಂದು ಫಾರ್ಮ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಓದಿ ಸಹಿ ಹಾಕಿ. ಕಾರಿಗೆ ಪೆಟ್ಟಾದರೆ ನಿಮ್ಮ ಪಾಲು ಎಷ್ಟರವರೆಗೆ ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ನಿಮ್ಮ ಸ್ವಂತ ಕಾರಿನ ಇನ್ಶೂರೆನ್ಸ್ ಇಂಥದ್ದಕ್ಕೆ ಬರುತ್ತದೆ ಅಂದುಕೊಳ್ಳಬೇಡಿ, ಬಹುತೇಕ ಪಾಲಿಸಿಗಳು ಇದನ್ನು ಹೊರಗಿಟ್ಟಿರುತ್ತವೆ. ಕೋನ್ ಬಿದ್ದರೆ ಮಾತ್ರ ಯಾರೂ ಏನೂ ಅನ್ನಲ್ಲ, ಎಲ್ಲರೂ ಬೀಳಿಸುತ್ತಾರೆ.

ನನಗೆ ಐವತ್ತು ದಾಟಿದೆ, ಹೆಂಗಸು ಬೇರೆ. ಅಲ್ಲಿ ನಗಲ್ವಾ?

ಯಾರೂ ನಗಲ್ಲ ಅಕ್ಕ. ಬರುವವರಲ್ಲಿ ಮದುವೆ ದಿನದ ಉಡುಗೊರೆಯಾಗಿ ಬಂದ ದಂಪತಿ, ನಿವೃತ್ತರು, ಮಗಳನ್ನು ಕರೆದುಕೊಂಡು ಬಂದ ತಾಯಿ ಎಲ್ಲರೂ ಇರುತ್ತಾರೆ. ಇದಕ್ಕೆ ತೋಳ್ಬಲ ಬೇಡ, ಪವರ್ ಸ್ಟೀರಿಂಗ್ ಇದೆ. ಬೇಕಾದ್ದು ಹೇಳಿದ್ದನ್ನು ಕೇಳುವ ಕಿವಿ. ಹೇಳಬೇಕು ಅಂದರೆ, 'ನಂಗೆ ಡ್ರೈವಿಂಗ್ ಚೆನ್ನಾಗಿ ಬರುತ್ತೆ' ಅಂತ ಬರುವ ಗಂಡಸರಿಗೇ ಹಳೇ ಅಭ್ಯಾಸ ಬಿಡಿಸುವುದು ಕಷ್ಟ.

ಫ್ರಾನ್ಸ್‌ನ ಮಿಷೆಲ್ ಮೂಟೋನ್ 1981ರಲ್ಲಿ ಇಟಲಿಯ ಸ್ಯಾನ್‌ರೆಮೋ ರ‍್ಯಾಲಿ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು (ವರ್ಷವಿಡೀ ನಡೆಯುವ ರ‍್ಯಾಲಿಗಳಲ್ಲಿ ಒಂದೊಂದೂ ಒಂದು ಸುತ್ತು) ಹೆಣ್ಣು ಗೆದ್ದದ್ದು ಅದೇ ಮೊದಲು. ಪಕ್ಕದ ಸೀಟಿನಲ್ಲಿ ಫ್ಯಾಬ್ರಿಟ್ಸಿಯಾ ಪೋನ್ಸ್, ಅವರೂ ಹೆಂಗಸೇ. ಮರುವರ್ಷ ಮೂರು ಸುತ್ತು ಗೆದ್ದು, ಇಡೀ ವರ್ಷದ ಲೆಕ್ಕದಲ್ಲಿ ಮೂಟೋನ್ ಎರಡನೆಯವರಾದರು.

ಎಸ್‌ಟಿಐ ತಗೊಳ್ಳಾ, ಬಿಆರ್‌ಝಡ್ ತಗೊಳ್ಳಾ?

ಆ ಸ್ಕೂಲಿಗೆ ಹೆಸರು ತಂದ ಕಾರುಗಳು ಸುಬಾರು ಕಂಪನಿಯ ಈ ಎರಡು. ಎಸ್‌ಟಿಐಯಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುತ್ತದೆ. ಬಿಆರ್‌ಝಡ್‌ನಲ್ಲಿ ಹಿಂದಿನ ಎರಡಕ್ಕೆ ಮಾತ್ರ. ಎಸ್‌ಟಿಐ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ. ತಿರುವಿನಲ್ಲಿ ಗಲಿಬಿಲಿಯಾದರೂ ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬಿಆರ್‌ಝಡ್‌ನಲ್ಲಿ ಬಲಗಾಲು ಒಂಚೂರು ಜಾಸ್ತಿ ಒತ್ತಿದರೂ ಹಿಂಭಾಗ ಮುಂದೆ ಬಂದು ನಿಮ್ಮನ್ನೇ ನೋಡುತ್ತದೆ. ರ‍್ಯಾಲಿ ಅನ್ನುವುದರ ರುಚಿ ನೋಡಲು ಎಸ್‌ಟಿಐ. ಕಾಲು ಹದಕ್ಕೆ ಬರಬೇಕು ಅಂದರೆ ಬಿಆರ್‌ಝಡ್. ಒಂದೇ ದಿನ ಅನ್ನುವವರಿಗೆ ನಾನು ಎಸ್‌ಟಿಐ ಅನ್ನುತ್ತೇನೆ. ಅದರ ಹೊಸ ಮಾಡೆಲ್ ಬರಲ್ಲ ಅಂತ ಸುಬಾರು 2022ರಲ್ಲಿ ಹೇಳಿಬಿಟ್ಟಿತು, ಹಾಗಾಗಿ ಬುಕ್ ಮಾಡುವ ದಿನ ಯಾವ ಕಾರು ಇದೆ ಅಂತ ನೋಡಿಕೊಳ್ಳಿ.

## ಸ್ಟೀರಿಂಗ್ ಹಿಡಿದ ಮೇಲೆ

ರ‍್ಯಾಲಿ ಕಾರು ಅಂದ್ರೆ ಶೋರೂಂ ಕಾರಿಗೇ ಸ್ಟಿಕ್ಕರ್ ಅಂಟಿಸಿರೋದಾ?

ಹೊರಗಿನಿಂದ ಹಾಗೇ ಕಾಣುತ್ತದೆ. ಒಳಗೆ ಇಣುಕಿದರೆ ಕಾರು ಮಗುಚಿದರೂ ಒಳಗಿದ್ದವರನ್ನು ಕಾಪಾಡುವ ಉಕ್ಕಿನ ಕೊಳವೆಗಳ ರೋಲ್ ಕೇಜ್, ಬಕೆಟ್ ಸೀಟು, ಹೆಗಲ ಮೇಲಿಂದಲೂ ಬರುವ ಬೆಲ್ಟು. ಕೆಳಗೆ ಎಂಜಿನ್ ಕಾಪಾಡುವ ದಪ್ಪ ಸಂಪ್ ಗಾರ್ಡ್. ಟೈರಿನ ಗೋಡೆ ಗಟ್ಟಿ, ಗುಬಟುಗಳು ದೊಡ್ಡವು, ಜಲ್ಲಿ ಕಚ್ಚಲಿಕ್ಕೆ. ಸೌಂಡ್ ತಡೆಯುವ ಹಾಸೆಲ್ಲ ಕಿತ್ತಿದ್ದರೆ ಚಕ್ರದಿಂದ ಸಿಡಿದ ಒಂದೊಂದು ಕಲ್ಲೂ ಕಾಲಡಿ ಟಣ್ ಟಣ್ ಅನ್ನುತ್ತದೆ. ಮೊದಲ ಸುತ್ತಿನಲ್ಲಿ ಏನೋ ಮುರಿದೇ ಹೋಯಿತು ಅನ್ನಿಸುತ್ತದೆ. ಆ ಸದ್ದೇ ಆಮೇಲೆ ಚಕ್ರ ಎಷ್ಟು ಜಾರುತ್ತಿದೆ ಅಂತ ಹೇಳಲು ಶುರು ಮಾಡುತ್ತದೆ.

ಎಡಗಾಲಲ್ಲಿ ಬ್ರೇಕ್ ಒತ್ತಬೇಕಂತೆ? ಯಾಕೆ?

ಇಡೀ ದಿನದ ಸಾರ ಇದೇ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಸ್ಸಿನಲ್ಲಿ ನಿಂತಾಗ ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತೇವಲ್ಲ, ಕಾರಿನ ಭಾರವೂ ಹಾಗೇ. ಬ್ರೇಕ್ ಒತ್ತಿದರೆ ಭಾರ ಮುಂದಿನ ಟೈರುಗಳ ಮೇಲೆ ಕೂರುತ್ತದೆ. ಅವುಗಳ ಹಿಡಿತ ಹೆಚ್ಚುತ್ತದೆ, ಹಿಂದಿನವು ಹಗುರಾಗುತ್ತವೆ. ಆಕ್ಸಿಲರೇಟರ್ ಒತ್ತಿದರೆ ಉಲ್ಟಾ. ಭಾರ ಹಿಂದಕ್ಕೆ ಹೋಗಿ ಮುಂದಿನ ಟೈರು ಹಗುರಾಗುತ್ತದೆ. ಆಗ ಸ್ಟೀರಿಂಗ್ ಎಷ್ಟೇ ತಿರುಗಿಸಿ, ಕಾರು ನೇರಕ್ಕೇ ಹೋಗುತ್ತದೆ. ಇದು ಅಂಡರ್‌ಸ್ಟೀರ್. ಹಗುರಾದ ಹಿಂಭಾಗ ಪಕ್ಕಕ್ಕೆ ಜಾರಿದರೆ ಅದು ಓವರ್‌ಸ್ಟೀರ್.

ಜಲ್ಲಿ ಮೇಲೆ ಬರೀ ಸ್ಟೀರಿಂಗ್‌ನಿಂದ ಕಾರು ತಿರುಗಲ್ಲ. ಭಾರವನ್ನು ಮುಂದಿನ ಟೈರಿಗೆ ಕಳಿಸಿ, ಆಮೇಲೆ ತಿರುಗಿಸಬೇಕು. ಬಲಗಾಲನ್ನೇ ಆಕ್ಸಿಲರೇಟರ್‌ನಿಂದ ಎತ್ತಿ ಬ್ರೇಕ್ ಮೇಲಿಟ್ಟು ಮತ್ತೆ ವಾಪಸ್ ತರುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಅದಕ್ಕೇ ಎಡಗಾಲು ಬ್ರೇಕ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಬಲಗಾಲು ತೆಗೆಯದೆಯೇ ಎಡಗಾಲಲ್ಲಿ ಒಂಚೂರು ಒತ್ತಿದರೆ ಮೂತಿ ಕೆಳಗಾಗುತ್ತದೆ, ಕಾರು ಒಳಕ್ಕೆ ತಿರುಗುತ್ತದೆ. ಎಂಜಿನ್ ಬಲವೂ ಕಳೆದುಹೋಗಲ್ಲ. ಸ್ಕಿಡ್ ಪ್ಯಾಡ್ ಮೇಲೆ ಸ್ಟೀರಿಂಗ್ ಅಲ್ಲಾಡಿಸದೆ ಇದೊಂದನ್ನೇ ಮಾಡಿಸುತ್ತಾರೆ. ಸ್ಟೀರಿಂಗ್ ಹಾಗೇ ಇದೆ, ಎಡಗಾಲು ಒತ್ತಿದಾಗ ಸುತ್ತು ಚಿಕ್ಕದಾಗುತ್ತದೆ, ಬಿಟ್ಟಾಗ ದೊಡ್ಡದಾಗುತ್ತದೆ. ಬ್ರೇಕ್ ಇರುವುದು ನಿಲ್ಲಿಸಲಿಕ್ಕೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದವರಿಗೆ ಅಲ್ಲಿ ತಲೆ ತಿರುಗುತ್ತದೆ.

ಕಷ್ಟ ಏನು ಗೊತ್ತಾ? ಎಡಗಾಲಿಗೆ ಗೊತ್ತಿರುವುದು ಕ್ಲಚ್ ಒಂದೇ. ಕ್ಲಚ್ ಅನ್ನು ಪೂರ್ತಿ ಅದುಮಿಯೇ ಅಭ್ಯಾಸ. ಮೊದಲ ಸಲ ಬ್ರೇಕ್ ಮೇಲಿಟ್ಟಾಗ ಅದೇ ಅದುಮು, ಎದುರಿನ ಬೆಲ್ಟಿಗೆ ಎದೆ ಅಪ್ಪಳಿಸುತ್ತದೆ. ಹಿಮ್ಮಡಿ ನೆಲಕ್ಕೂರಿ ಬೆರಳಿನ ಬುಡದಿಂದ ಮಾತ್ರ ಒತ್ತಿ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಕಣಕಾಲು ನೋವು ಮಾರನೇ ದಿನ ಬರುತ್ತದೆ.

ಕಾರು ಜಾರಿದಾಗ ಭಯ ಆಗಲ್ವಾ? ಆಗ ಏನು ಮಾಡ್ಬೇಕು?

ಭಯ ಆಗುತ್ತದೆ. ಆಗ ಕಣ್ಣು ತಾನಾಗಿಯೇ ತಗುಲಬಾರದ ಕಡೆಗೇ ಹೋಗುತ್ತದೆ, ಕೋನ್ ಕಡೆ. ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಕಾರು. ಅದಕ್ಕೇ ಹೆಲ್ಮೆಟ್ಟಿನ ಇಂಟರ್‌ಕಾಮ್‌ನಲ್ಲಿ ಅತಿ ಹೆಚ್ಚು ಕೇಳುವ ಮಾತು 'ಎಲ್ಲಿ ನೋಡ್ತಾ ಇದೀರಾ?' ಮಾತು ಸಾಲದಿದ್ದರೆ ಮೇಷ್ಟ್ರು ಕೈಯನ್ನು ನಿಮ್ಮ ಮೂಗಿನ ಮುಂದಿನಿಂದ ಪಕ್ಕದ ಕಿಟಕಿಯ ಕಡೆಗೆ ಚಾಚುತ್ತಾರೆ. ಮುಂದಿನ ಗಾಜಲ್ಲ, ಪಕ್ಕದ ಕಿಟಕಿ. ಕಾರು ಅಡ್ಡ ಇರುವಾಗ ನೀವು ಹೋಗಬೇಕಾದ ದಾರಿ ಕಾಣುವುದು ಅಲ್ಲಿಂದ. ಆ ಕೈ ಹೋದ ಕಡೆ ನೋಡಿದ ತಕ್ಷಣ ಸ್ಟೀರಿಂಗ್ ತಾನೇ ಬಿಚ್ಚಿಕೊಂಡು ಸರಿಹೋಗುತ್ತದೆ.

ಇನ್ನೊಂದು ಮಾತು, ಹೆಬ್ಬೆರಳನ್ನು ಸ್ಟೀರಿಂಗಿನ ಒಳಗೆ ಸುತ್ತಿ ಹಿಡಿಯಬೇಡಿ. ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ರಪ್ಪನೆ ತಿರುಗಿ ಬೆರಳಿಗೆ ಪೆಟ್ಟಾಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಗಿರ್ರಂತ ತಿರುಗಿಸೋದು ಕಲಿಸ್ತಾರಾ?

ಎಲ್ಲರ ಆಸೆ ಇದೇ. ಕೋರ್ಸ್ ನೋಡಿಕೊಂಡು ತೋರಿಸುತ್ತಾರೆ, ಆದರೆ ರ‍್ಯಾಲಿಯಲ್ಲಿ ಅದರ ಕೆಲಸ ಕಮ್ಮಿ. ಹೇರ್‌ಪಿನ್ ತಿರುವಿನಲ್ಲಿ, ಬೇರೆ ದಾರಿ ಇಲ್ಲದಾಗ ಮಾತ್ರ. ಎಳೆದಷ್ಟೂ ಸ್ಪೀಡ್ ಹೋಗುತ್ತದೆ. ಎಡಗಾಲಿನಿಂದಲೇ ತಿರುಗಿಸಲು ಬಂದವರು ಹ್ಯಾಂಡ್‌ಬ್ರೇಕ್ ಮರೆತೇಬಿಡುತ್ತಾರೆ.

## ಸ್ವಲ್ಪ ಆಳಕ್ಕೆ ಇಳಿದವರು ಕೇಳುವವು

ಸ್ಕ್ಯಾಂಡಿನೇವಿಯನ್ ಫ್ಲಿಕ್ ಅಂದ್ರೇನು? ಎಡಕ್ಕೆ ತಿರುಗೋಕೆ ಬಲಕ್ಕೆ ತಿರುಗಿಸೋದಂತೆ, ತಮಾಷೆನಾ?

ತಮಾಷೆ ಅಲ್ಲ. ಎಡ ತಿರುವು ಬರುತ್ತಿದೆ ಅಂದುಕೊಳ್ಳಿ. ಮೊದಲು ಸ್ಟೀರಿಂಗನ್ನು ಬಲಕ್ಕೆ ಒಂದಿಷ್ಟು ತಿರುಗಿಸಿ. ಕಾರಿನ ಭಾರ ಎಡಕ್ಕೆ ವಾಲುತ್ತದೆ. ಆ ಕ್ಷಣಕ್ಕೆ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟಿ, ಸ್ಟೀರಿಂಗ್ ಎಡಕ್ಕೆ ತನ್ನಿ. ಭಾರ ಎಡದಿಂದ ಬಲಕ್ಕೆ ತೂಗಿಕೊಂಡು ಬರುವ ರಭಸಕ್ಕೆ ಹಗುರಾದ ಹಿಂಭಾಗ ಹೊರಕ್ಕೆ ಬೀಸುತ್ತದೆ. ತಿರುವು ಶುರುವಾಗುವ ಮುಂಚೆಯೇ ಕಾರಿನ ಮೂತಿ ಎಡಕ್ಕೆ ನೋಡುತ್ತಿರುತ್ತದೆ. ಇನ್ನು ಆಕ್ಸಿಲರೇಟರ್ ಒತ್ತಿ ಹೊರಗೆ ಬರುವುದು ಬಾಕಿ. ಪೆಂಡ್ಯುಲಮ್ ಟರ್ನ್ ಅಂತಲೂ ಅನ್ನುತ್ತಾರೆ. ಹಿಮ, ಜಲ್ಲಿ ದಾರಿಗಳ ನಾರ್ಡಿಕ್ ಡ್ರೈವರ್‌ಗಳು ಬೆಳೆಸಿದ ವಿದ್ಯೆ. ಹೇಳಲು ಇಷ್ಟೇ, ಮಾಡುವಾಗ ಎಲ್ಲರೂ ಆತುರ ಪಡುತ್ತಾರೆ. ಭಾರ ವಾಲುವ ತನಕ ಕಾಯಬೇಕು. ಆ ಅರೆಕ್ಷಣ ಕಾಯುವುದೇ ವಿದ್ಯೆ.

ರ‍್ಯಾಲಿ ಕಾರಲ್ಲಿ ಎಬಿಎಸ್ ಇರಲ್ಲ ಅಂತಾರೆ. ಡೇಂಜರ್ ಅಲ್ವಾ?

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗಿಬಿಡದ ಹಾಗೆ ನೋಡಿಕೊಳ್ಳುವುದು ಎಬಿಎಸ್. ಟಾರ್ ರಸ್ತೆಯಲ್ಲಿ ಅದು ಬೇಕೇ ಬೇಕು. ಸಡಿಲ ಜಲ್ಲಿಯ ಲೆಕ್ಕ ಬೇರೆ. ಅಲ್ಲಿ ಚಕ್ರ ಲಾಕ್ ಆದರೆ ಟೈರಿನ ಮುಂದೆ ಕಲ್ಲು ಮಣ್ಣು ಗುಡ್ಡೆಯಾಗಿ ತಡೆಯುತ್ತದೆ, ಕಾರು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡಲ್ಲ, ಹಾಗಾಗಿ ಜಲ್ಲಿ ಮೇಲೆ ನಿಲ್ಲುವ ದೂರ ಜಾಸ್ತಿಯಾಗಬಹುದು. ಜೊತೆಗೆ, ಎಡಗಾಲಿನ ಬ್ರೇಕ್‌ನಿಂದ ಹಿಂಭಾಗವನ್ನು ಬೇಕೆಂದೇ ಜಾರಿಸುವಾಗ ಎಬಿಎಸ್ ಅಡ್ಡ ಬರುತ್ತದೆ. ಇದನ್ನು ಓದಿ ಮನೆ ಕಾರಿನ ಫ್ಯೂಸ್ ಕೀಳಬೇಡಿ ಮಾರಾಯ್ರೇ.

ಮಳೆ ಬಂದ್ರೆ ಕ್ಯಾನ್ಸಲ್ ಮಾಡಿ ಬೇರೆ ದಿನ ಹೋಗೋದು ಒಳ್ಳೇದಾ?

ಮಳೆ ಬಂದರೆ ಖುಷಿಪಡಿ. ಹಿಡಿತ ಕಡಿಮೆ ಆದಷ್ಟೂ ಕಾರು ಕಮ್ಮಿ ಸ್ಪೀಡಿನಲ್ಲೇ ಜಾರುತ್ತದೆ. ಎಲ್ಲ ನಿಧಾನಕ್ಕೆ ನಡೆಯುತ್ತದೆ, ಯೋಚಿಸಲು ಹೊತ್ತು ಸಿಗುತ್ತದೆ, ಟೈರೂ ಉಳಿಯುತ್ತದೆ. ಒಣ ಬೇಸಿಗೆಯಲ್ಲಿ ಜಾರುವಷ್ಟು ಸ್ಪೀಡ್ ತರುವುದಕ್ಕೇ ಧೈರ್ಯ ಬೇಕು. ಆ ಕಡೆ ಮಳೆಗಾಲ ಶರತ್ಕಾಲದಿಂದ ವಸಂತದವರೆಗೂ ಎಳೆಯುತ್ತದೆ, ಮಲೆನಾಡಿನವರಿಗೆ ಹೊಸದೇನಲ್ಲ. ನಾನಾದರೆ ನವೆಂಬರ್‌ನಲ್ಲೇ ಬುಕ್ ಮಾಡುತ್ತೇನೆ.

ಪಕ್ಕದಲ್ಲಿ ಕೂತು ಓದ್ತಾರಲ್ಲ, ಆ ಪೇಸ್ ನೋಟ್ಸ್ ಒಂದು ದಿನದಲ್ಲಿ ಬರುತ್ತಾ?

ಒಂದು ದಿನದ ಕೋರ್ಸ್ ಇರುವುದು ಕಾರು ತಿರುಗಿಸುವುದಕ್ಕೆ. ನೋಟ್ಸ್ ಬೇರೆಯೇ ಓದು. ಲೆಕ್ಕ ತಿಳಿದಿರಲಿ ಅಂದರೆ: ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ತಿರುವುಗಳಿಗೆ 1ರಿಂದ 6ರವರೆಗೆ ನಂಬರ್. 6 ಅಂದರೆ ಹೆಚ್ಚುಕಡಿಮೆ ನೇರ, 1 ಅಂದರೆ ತೀರಾ ಬಿಗಿ. ಕೆಲವರು ಇದನ್ನು ಉಲ್ಟಾ ಬರೆದುಕೊಳ್ಳುತ್ತಾರೆ, ಅದಕ್ಕೇ ಹೊಸ ಜೋಡಿ ಮೊದಲು ಮಾತಾಡಿಕೊಳ್ಳಬೇಕಾದ್ದು ಇದನ್ನೇ. '80, ಎಡ 3, ಬಿಗಿಯಾಗುತ್ತೆ, ಒಳಗೆ ಕಲ್ಲಿದೆ' ಅಂತ ಸಾಗುತ್ತದೆ. 80 ಅಂದರೆ ಅಷ್ಟು ಮೀಟರ್ ನೇರ ದಾರಿ. ರ‍್ಯಾಲಿಗೆ ಮುಂಚೆ ನಿಧಾನಕ್ಕೆ ಅದೇ ದಾರಿಯಲ್ಲಿ ಹೋಗಿ, ಡ್ರೈವರ್ ಹೇಳಿದ್ದನ್ನು ಕೋ-ಡ್ರೈವರ್ ಬರೆದುಕೊಳ್ಳುತ್ತಾರೆ. ಸ್ಟೇಜಿನಲ್ಲಿ ಒಂದು ತಿರುವು ಮುಂಚಿತವಾಗಿ ಓದಬೇಕು. ಗುಡ್ಡದ ನೆತ್ತಿಯ ಆಚೆ ದಾರಿ ಕಾಣದಿದ್ದರೂ ಕಾಲು ತೆಗೆಯದೆ ಹೋಗುವುದು ಆ ದನಿಯನ್ನು ನಂಬಿ.

## ಆಮೇಲೆ ಏನು?

ಆಗುಂಬೆ ಘಾಟಿಲಿ ಇದನ್ನ ಟ್ರೈ ಮಾಡ್ಬಹುದಾ?

ಬೇಡ. ಎದುರಿಗೆ ಬಸ್ಸು ಬರುತ್ತದೆ. ಮಾತು ಮುಗಿಯಿತು.

ರಸ್ತೆಗೆ ತರಬಹುದಾದದ್ದು ಬೇರೆ ಇದೆ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸುವುದು, ದೂರಕ್ಕೆ ನೋಡುವುದು, ಮಳೆಯಲ್ಲಿ ಕಾರು ನೇರಕ್ಕೆ ಜಾರಿದರೆ ಸ್ಟೀರಿಂಗ್ ಇನ್ನಷ್ಟು ತಿರುಗಿಸದೆ ಆಕ್ಸಿಲರೇಟರ್ ಬಿಟ್ಟು ಟೈರು ಹಿಡಿಯುವ ತನಕ ತಡೆಯುವುದು. ಎಡಗಾಲಿನ ಬ್ರೇಕ್ ಮಾತ್ರ ಸ್ಕೂಲಿನ ಗೇಟಿನಲ್ಲೇ ಬಿಟ್ಟು ಬನ್ನಿ. ಬಾಡಿಗೆ ಕಾರಿನಲ್ಲಿ ಮನೆಗೆ ಹೋಗುವಾಗ ಎಡಗಾಲು ತಾನೇ ಬ್ರೇಕ್ ಕಡೆ ಸರಿಯುತ್ತದೆ, ಹುಷಾರು.

ಅಮೆರಿಕದಲ್ಲೇ ಇದನ್ನ ಮುಂದುವರಿಸೋದು ಹೇಗೆ?

ಅಗ್ಗದ ದಾರಿ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ನಡೆಸುವ ರ‍್ಯಾಲಿಕ್ರಾಸ್. ಬಯಲಿನಲ್ಲಿ ಕೋನ್ ಇಟ್ಟು ಒಬ್ಬೊಬ್ಬರನ್ನೇ ಬಿಡುತ್ತಾರೆ. ಸ್ವಂತ ಕಾರು ನಡೆಯುತ್ತದೆ. ಪೂರ್ತಿ ರ‍್ಯಾಲಿ ಅಂದರೆ ಅಮೆರಿಕನ್ ರ‍್ಯಾಲಿ ಅಸೋಸಿಯೇಷನ್‌ನ ಸುತ್ತುಗಳು. ಅದಕ್ಕೆ ಕೇಜ್ ಇರುವ ಕಾರು, ಲೈಸೆನ್ಸ್, ಕೋ-ಡ್ರೈವರ್, ಗಟ್ಟಿ ಜೇಬು ಬೇಕು. ಮೊದಲು ವಾಲಂಟಿಯರ್ ಆಗಿ ಹೋಗಿ ನೋಡುವುದು ನನ್ನ ಸಲಹೆ. ಆಯೋಜಕರಿಗೆ ಜನ ಬೇಕೇ ಬೇಕು, ನಿಮಗೆ ಸ್ಟೇಜ್ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ಕಾಣುತ್ತದೆ.

ವಾಷಿಂಗ್ಟನ್ ರಾಜ್ಯದ ಒಲಿಂಪಸ್ ರ‍್ಯಾಲಿ ಒಂದು ಕಾಲಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತಾಗಿತ್ತು, 1986ರಿಂದ 88ರ ತನಕ. 1986ರಲ್ಲಿ ಪೋರ್ಚುಗಲ್‌ನಲ್ಲಿ ಕಾರು ಜನರ ಗುಂಪಿಗೆ ನುಗ್ಗಿ ಪ್ರೇಕ್ಷಕರು ಸತ್ತರು. ಕೆಲವೇ ವಾರಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಕೋ-ಡ್ರೈವರ್ ಸೆರ್ಜಿಯೊ ಕ್ರೆಸ್ಟೊ ತೀರಿಹೋದರು. ಅಲ್ಲಿಗೆ ಗ್ರೂಪ್ ಬಿ ಅನ್ನುವ ರಾಕ್ಷಸ ಕಾರುಗಳಿಗೆ ಮರುವರ್ಷದಿಂದ ನಿಷೇಧ ಬಿತ್ತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವು ಕೊನೇ ಸಲ ಓಡಿದ್ದು ಆ ವರ್ಷದ ಒಲಿಂಪಸ್‌ನಲ್ಲಿ, ಗೆದ್ದವರು ಲ್ಯಾನ್ಸಿಯಾ ಓಡಿಸಿದ ಮಾರ್ಕು ಅಲೆನ್. ನೋಡಲು ಹೋದಾಗ ವಾಲಂಟಿಯರ್ 'ಇಲ್ಲಿ ನಿಲ್ಲಬೇಡಿ' ಅಂದರೆ ವಾದ ಮಾಡದೆ ಸರಿಯಿರಿ. ತಿರುವಿನ ಹೊರಬದಿಯಲ್ಲಂತೂ ನಿಲ್ಲಲೇಬೇಡಿ.

ನಮ್ಮ ಕರ್ನಾಟಕದಲ್ಲಿ ಇದೆಲ್ಲ ಇದ್ಯಾ? ನಾನು ವಾಪಸ್ ಹೋಗ್ತಿದೀನಿ.

ಇದೆ, ಚೆನ್ನಾಗೇ ಇದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ದೇಶದ ಹಳೇ ಹೆಸರುಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತೇ ನಡೆದಿದೆ. ಕೊಡಗಿನಲ್ಲೂ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳಾಗಿವೆ. ಆ ಏಷ್ಯಾ ಪೆಸಿಫಿಕ್ ಪಟ್ಟವನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ರಾಷ್ಟ್ರೀಯ ಸುತ್ತುಗಳಲ್ಲಿ ಅವರ ಪಕ್ಕ ಕೂತು ನೋಟ್ಸ್ ಓದಿದ ಮೂಸಾ ಷರೀಫ್ ನಮ್ಮ ನೆರೆಯ ಕಾಸರಗೋಡಿನವರು.

ಸ್ಪರ್ಧೆಗೆ ಇಳಿಯಲು ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು. ನೇರ ಅಲ್ಲಿಗೇ ಹಾರಬೇಡಿ. ಮೊದಲು ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟೆನ್ಸ್) ರ‍್ಯಾಲಿ ಮಾಡಿ. ಅದರಲ್ಲಿ ಸ್ಪೀಡಿನ ಪೈಪೋಟಿ ಇಲ್ಲ. ಕೊಟ್ಟ ದಾರಿಯಲ್ಲಿ, ಕೊಟ್ಟ ಸರಾಸರಿ ವೇಗದಲ್ಲಿ, ಸೆಕೆಂಡ್ ಲೆಕ್ಕದಲ್ಲಿ ಸರಿಯಾಗಿ ತಲುಪಬೇಕು. ಬೇಗ ಬಂದರೂ ದಂಡ, ತಡ ಆದರೂ ದಂಡ. ಮನೆ ಕಾರು ಸಾಕು, ಪಕ್ಕದಲ್ಲಿ ಲೆಕ್ಕ ಬರುವ ತಂಗಿಯೋ ಹೆಂಡತಿಯೋ ಇದ್ದರೆ ಗೆಲ್ಲಬಹುದು. ಆಮೇಲೆ ಆಟೋಕ್ರಾಸ್ (ಬಯಲಿನ ಚಿಕ್ಕ ಕೋರ್ಸ್‌ನಲ್ಲಿ ಗಡಿಯಾರದ ಜೊತೆ ಪೈಪೋಟಿ), ಆಮೇಲೆ ಸ್ಟೇಜ್ ರ‍್ಯಾಲಿ.

ಒಂದು ದಿನ ಸಾಕಾ, ಇಲ್ಲ ಮೂರು ದಿನದ್ದೇ ಮಾಡ್ಲಾ?

ಸುಮ್ನೆ ಅನುಭವಕ್ಕೆ ಅಂದರೆ ಒಂದು ದಿನ ಧಾರಾಳ. ಅರ್ಧ ದಿನದ್ದೂ ಇದೆ, ಆದರೆ ಎಡಗಾಲು ಮಾತು ಕೇಳಲು ಶುರು ಮಾಡುವ ಹೊತ್ತಿಗೆ ಅದು ಮುಗಿದಿರುತ್ತದೆ. ಸ್ಪರ್ಧೆ ಮಾಡುವ ಯೋಚನೆ ಇದ್ದವರು ಮೂರು ದಿನಕ್ಕೇ ಹೋಗಿ. ಇನ್ನೂ ಗೊತ್ತಿಲ್ಲ ಅನ್ನುವವರು ಒಂದು ದಿನ ಮಾಡಿ, ಕೆಲವು ತಿಂಗಳು ಬಿಟ್ಟು ಮಳೆಗಾಲದಲ್ಲಿ ಮತ್ತೊಂದು ದಿನ ಮಾಡಿ, ಈ ಸಲ ಬೇರೆ ಕಾರಿನಲ್ಲಿ. ಎರಡೂ ದಿನ ಸಂಜೆ ನಾಲ್ಕರ ಮೇಲೆ ಬೇರೇನೂ ಇಟ್ಟುಕೊಳ್ಳಬೇಡಿ. ಮೈ ಅಷ್ಟು ಸುಸ್ತಾಗಿರುತ್ತದೆ.